ಇಳಿಜಾರಿನ ತುದಿಯ ಹೊಸ್ತಿಲು

ಮಾಲೂರಿನ ಆ ಗಾರೆ ಮೇಸ್ತ್ರಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಎಂಬತ್ತರ ದಶಕ. ಕಾಲಿಲ್ಲದವರ ಗಾಡಿ ನಾನು ಗುಮಾಸ್ತನಾಗಿದ್ದ ತಾಲ್ಲೂಕು ಕಚೇರಿಯೊಳಗೆ ಬರಲೆಂದು ಎರಡು ವರ್ಷ ಅರ್ಜಿ ಬರೆದು ಇಳಿಜಾರು ಮಂಜೂರು ಮಾಡಿಸಿದ್ದೆ. ಏನು ಹೇಳಿದರೂ ಅವನು ಎದೆ ಮುಟ್ಟಿಕೊಂಡು, “ನಂಗ್ ಬಿಡಿ ಸ್ವಾಮಿ” ಅನ್ನುತ್ತಿದ್ದ. ಬಿಟ್ಟೆ, ನನ್ನ ಕರ್ಮ. ಇಳಿಜಾರೇನೋ ಬೆಣ್ಣೆಯಂತಿತ್ತು; ಅದರ ತುದಿಯಲ್ಲಿ ಗೇಣೆತ್ತರದ ಹೊಸ ಕಲ್ಲಿನ ಹೊಸ್ತಿಲು, ಅದಕ್ಕೆ ಅರಿಶಿನ ಕುಂಕುಮ ಬೇರೆ!

“ಹೊಸ್ತಿಲಿಲ್ದೆ ಬಾಗಿಲು ಇಡ್ತಾರಾ ಸ್ವಾಮಿ?”

ಪಿಂಚಣಿಗೆ ಬಂದ ಕಾಲಿಲ್ಲದ ದರ್ಜಿಯ ಮೂರು ಚಕ್ರದ ಗಾಡಿ ಆ ಹೊಸ್ತಿಲಿಗೆ ತಗುಲಿ ನಿಂತಿತು. ಮೇಸ್ತ್ರಿ ಓಡಿಬಂದು ಅವನನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಕೂರಿಸಿದ.

“ನೋಡಿ ಸ್ವಾಮಿ, ಎಷ್ಟು ಸಲೀಸು!”

ದರ್ಜಿ ಪಂಚೆ ಸರಿಪಡಿಸಿಕೊಂಡ. “ಹೆಣಾನೂ ಹಿಂಗೇ ಎತ್ತಿ ದಾಟಿಸ್ತಾರೆ ಕಣಪ್ಪಾ.”

ಎದೆ ಮುಟ್ಟಲು ಹೋದ ಮೇಸ್ತ್ರಿಯ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಚೀಲ ತಡಕಿ ಉಳಿ, ಸುತ್ತಿಗೆ ಹೊರತೆಗೆದ.