ಸುಗಂಧಕ್ಕನ ಕಣ್ಣಳತೆ

ಕಾರವಾರದ ನಮ್ಮ ಆಸ್ಪತ್ರೆಯಲ್ಲಿ ಯಾರ ಕಿಡ್ನಿ ಕೈಕೊಡಲಿದೆ ಎಂಬುದನ್ನು ರಕ್ತದ ರಿಪೋರ್ಟಿಗಿಂತ ಮೊದಲೇ ಹೇಳುವವಳು ಚಿತ್ತಾಕುಲ ಊರಿನ ಆಯಾ ಸುಗಂಧಕ್ಕ. ರೋಗಿಗಳ ಮೂತ್ರದ ಚೀಲಗಳನ್ನು ಅವಳು ಬಂಗಡೆ ಮೀನು ತಾಜಾ ಇದೆಯೇ ಎಂದು ಕಿವಿರು ಎತ್ತಿ ನೋಡುವವರ ಅನುಮಾನದಿಂದಲೇ ನೋಡುತ್ತಾಳೆ. "ನಿನ್ನೆಗಿಂತ ಕಡ್ಮೆ ಅದೆ, ಡಾಕ್ಟ್ರನ್ನ ಕರೀರಿ" ಎಂದರೆ ನರ್ಸುಗಳಾದ ನಾವು ಓಡಲೇಬೇಕು. ಊಟದ ಹೊತ್ತಿನಲ್ಲೂ ಅವಳಿಗೆ ಉಚ್ಚೆಯದೇ ಮಾತು. ಹಾಗಾಗಿ ಅವಳ ಜೊತೆ ಡಬ್ಬಿ ಬಿಚ್ಚಲು ಯಾರೂ ಕೂರುವುದಿಲ್ಲ. ಮೊನ್ನೆ ನಾನು ಕೂತೆ. ಅನ್ನ ಕಲಸುತ್ತ ತನ್ನ ತಾಯಿಯ ಸುದ್ದಿ ಹೇಳಿದಳು: "ಹಾಸ್ಗೆ ಹಿಡ್ದಿದ್ದ ನಮ್ಮ ಆಯಿ, ಸಾಯೂಕೆ ಮೊದ್ಲು ಎರಡು ದಿನ ಉಚ್ಚೆಗೆ ಅಂತ ನನ್ನ ಕರೀಲೇ ಇಲ್ಲ. ಆರಾಮಾಯ್ತು ಅಂದ್ಕಂಡೆ. ಆ ಎರಡು ದಿನ ನಾ ಚಲೋ ನಿದ್ದೆ ಮಾಡ್ದೆ."