ಖಾಲಿ ಕಿಟ್ಲಿ ಹಿಡಿದು ನಡೆದ ದಾರಿ

ನನ್ನೊಳಗೆ ಇನ್ನೂ ಉಸಿರಾಗಿ ಆಡುತ್ತಿರುವ ಪರಶಿವನಿಗೆ ಮೊದಲ ಶರಣು. ಅಕ್ಷರ ತಿದ್ದಿಸಿ, ಪುರಾಣ ಓದುವ ಧಾಟಿಯನ್ನು ಕಲಿಸಿದ ತಂದೆಗೆ ಶರಣು. ಕೈಗೊಂದು ಪಾತ್ರೆ ಕೊಟ್ಟು ನನ್ನನ್ನು ಹೊಸ್ತಿಲು ದಾಟಿಸಿದ ಅತ್ತೆಗೆ, ಖಾನಾಪುರದ ನಮ್ಮ ಓಣಿಯ ತಾಯಂದಿರಿಗೆ ಶರಣು. ಇವರನ್ನು ನೆನೆಯದೆ ಮುಂದಿನ ಮಾತು ಬರೆಯಲು ಕೈ ಏಳುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ತಮೂರರ ಪ್ರಾಯ. ಕುತ್ತಿಗೆಯಲ್ಲಿ ಎದ್ದ ಗಂಟು ಕ್ಯಾನ್ಸರ್ ಎಂದು ತಿಳಿದು, ಪರಸ್ಥಳದ ದೊಡ್ಡ ಆಸ್ಪತ್ರೆಯಲ್ಲಿ ಕಿರಣಚಿಕಿತ್ಸೆ ಪಡೆದು, ಬದುಕಿ ಗಂಡನ ಮನೆಗೆ ಮರಳಿದ್ದೆ. ಆ ರೋಗದ ಹೆಸರೆತ್ತಿದರೆ ನಮ್ಮ ಮನೆಯ ನೀರನ್ನೂ ಯಾರೂ ಮುಟ್ಟಲಾರರೆಂದು ಅಂಜಿ, ಅತ್ತೆ ಓಣಿಗೆಲ್ಲ ಕಾಮಾಲೆ ಎಂದು ಹೇಳಿದ್ದರು. ಕಪ್ಪಿಟ್ಟ ಕುತ್ತಿಗೆಯನ್ನು ನಾನು ಸೆರಗು ಸುತ್ತಿ ಮುಚ್ಚಿಕೊಳ್ಳುತ್ತಿದ್ದೆ.

ಶ್ರಾವಣದಲ್ಲಿ ಮಠಕ್ಕೆ ಬರುವ ಹೆಣ್ಣುಮಕ್ಕಳಿಗೆ ಪುರಾಣ ಓದಿ ಹೇಳುವುದು, ಮದುವೆಯಾಗಿ ಬಂದಂದಿನಿಂದ ನನ್ನ ಪಾಲಿನ ಸೇವೆ. ಈಗ ಒಂದು ಪದ್ಯದ ಅರ್ಧಕ್ಕೇ ಉಸಿರು ಸೋಲುತ್ತಿತ್ತು. ಮುಂದಿನ ಶ್ರಾವಣಕ್ಕೆ ಮಠದಲ್ಲಿ ಪುರಾಣದ ಪೀಠದ ಮುಂದೆ ಕೂರಬಲ್ಲೆನೇ ಎಂಬುದೊಂದೇ ನನ್ನ ಹಂಬಲ. ಬದುಕಿದ್ದೇ ದೊಡ್ಡದು ಎಂದು ಹಿರಿಯರು ಕೈಮುಗಿಯುತ್ತಿರುವಾಗ ಇಂಥ ಆಸೆ ಇಟ್ಟುಕೊಳ್ಳಲೂ ನಾಚಿಕೆಯಾಗುತ್ತಿತ್ತು.

ಮಾವ ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳಿನ ಅಂಗಡಿಯ ಗುಮಾಸ್ತರು. ಸಂಜೆಯ ರೈಲಿಗೆ ಬರುವಾಗ ನನಗೆಂದೇ ಹಾಲಿನ ಸಿಹಿ ಕುಂದಾ ಕಟ್ಟಿಸಿಕೊಂಡು ಬರುವರು. "ತಿನ್ನವಾ, ಮೈ ಹಿಡೀಲಿ" ಎಂದು ಎದುರಿಗೇ ಕೂರುವರು. ಬೇಡವೆನ್ನುವುದು ಹೇಗೆ? ಹಾಸಿಗೆ ಬಿಟ್ಟೇಳದೆ ತಿಂದೆ. ಮುಖ ಉಬ್ಬಿತು, ಕಾಲು ಕಡ್ಡಿಯಾಗಿಯೇ ಉಳಿದವು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು.

ತಪಾಸಣೆಗೆಂದು ಬೆಳಗಾವಿಗೆ ಹೋದಾಗ ಅಲ್ಲಿಯ ವೈದ್ಯೆ ಅತ್ತೆಯನ್ನು ಕೂರಿಸಿಕೊಂಡು ಹೇಳಿದರು: "ರೋಗ ಹೋಗೇತ್ರಿ ಬಾಯಾರ. ಈಗ ನಿಮ್ಮ ಮುದ್ದ ಇಕಿನ್ನ ಮಲಗಿಸೇತಿ. ಜ್ವಾಳದ ರೊಟ್ಟಿ, ಬ್ಯಾಳಿ, ಸೊಪ್ಪಿನ ಪಲ್ಲೆ, ಮಜ್ಜಿಗಿ ಕೊಡ್ರಿ. ದಿನಾ ನಡಸ್ರಿ. ಇವತ್ತಿಗಿಂತ ನಾಳಿ ಒಂದೀಟ ಹೆಚ್ಚ."

"ನಡ್ಯಾಕ ಎಲ್ಲಿಗಿ ಕಳಸೂಣ್ರಿ?"

"ಎಲ್ಲಿಗೂ ಬ್ಯಾಡ್ರಿ. ಬರೇ ನಡದ್ರ ಸಾಕು."

ಅತ್ತೆಗೆ ಇದು ತಿಳಿಯಲೇ ಇಲ್ಲ. ಕೆಲಸವಿಲ್ಲದೆ, ಬರಿಗೈಯಲ್ಲಿ ಬೀದಿ ನಡೆವ ಸೊಸೆಯನ್ನು ನಮ್ಮ ಓಣಿ ಕಂಡಿರಲಿಲ್ಲ. ಎದುರಾದವರೆಲ್ಲ "ಎಲ್ಲಿಗಿ?" ಎನ್ನುವರು, ಉತ್ತರ ಕೊಡಲೇಬೇಕು. ಮೊದಲ ದಿನ ಉತ್ತರವಿಲ್ಲದೆ ತಿರುವಿನಿಂದಲೇ ಹಿಂದಿರುಗಿ ಅತ್ತುಬಿಟ್ಟೆ. ಮರುದಿನ ಅತ್ತೆ, ಮಜ್ಜಿಗೆ ಒಯ್ಯುವ ಮುಚ್ಚಳದ ಹಿತ್ತಾಳೆ ಕಿಟ್ಲಿಯನ್ನು ಕೈಗಿತ್ತರು. ಭಾರವಾದೀತೆಂದು ಖಾಲಿ. "ಕೇಳಿದ್ರ, ಹೊಳಿ ಕಡೆ ಬೀಗರಿಗೆ ಮಜ್ಜಿಗಿ ಒಯ್ಯಾಕತ್ತೇನಿ ಅನ್ನು." ಆ ಬದಿಯಲ್ಲಿ ನಮಗೆ ಬೀಗರೇ ಇರಲಿಲ್ಲ. ಮನೆಯೊಳಗೆ ಮಾವನಿಗೂ ತಿಳಿಹೇಳಿರಬೇಕು. ಒಂದು ಸಂಜೆ ಅವರು ಪೊಟ್ಟಣ ಬಿಚ್ಚಿದರೆ ಒಳಗೆ ಕುಂದಾದ ಬದಲು ಹೆಸರುಕಾಳು.

ತಿರುವಿನಲ್ಲಿ ಎಮ್ಮೆ ಕಟ್ಟಿದ ಮರಾಠಿ ಮನೆ. ಆ ಮನೆಯ ಯಜಮಾನಿಯನ್ನು ಓಣಿಯೆಲ್ಲ ಕಾಕೂ ಎನ್ನುತ್ತಿತ್ತು. ಒಂದು ಬೆಳಿಗ್ಗೆ ಅವರು ತಡೆದರು. "ಅಗ, ಕುಠೇ ಚಾಲ್ಲೀಸ್? ಎಲ್ಲಿಗವಾ?"

"ಬೀಗರಿಗೆ ಮಜ್ಜಿಗಿರಿ, ಕಾಕೂ."

"ನನಗೂ ಒಂದ ಗುಟಕ ಹಾಕ" ಎನ್ನುತ್ತಲೇ ಮುಚ್ಚಳ ತೆಗೆದರು.

ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ಹೆಂಗಸು ಇಣುಕಿ ನಕ್ಕಳು: "ಭಾರಿ ಗಟ್ಟಿ ಬೀಗರ ಬಿಡವಾ! ಗಾಳಿ ಕುಡದ ಬದಕತಾರ!"

ನೆಲ ಬಾಯ್ದೆರೆಯಲಿ ಎನಿಸಿತು. ಕಾಕೂ ನಗಲಿಲ್ಲ. "ನೀ ಸುಮ್ಮ ನೀರ ಸೇದ" ಎಂದು ಅವಳನ್ನು ಗದರಿ, ಕಿಟ್ಲಿಯನ್ನು ಒಳಗೊಯ್ದು ಅರ್ಧ ಮಜ್ಜಿಗೆ ತುಂಬಿ ತಂದರು. ಒಂದು ಗುಟುಕನ್ನು ಅದರಿಂದಲೇ ತಾವು ಕುಡಿದರು. "ಹೊಳಿ ಗುಡಿ ಬಾಜು ನನ್ನ ಮಗಳ ಮನಿ ಐತಿ. ಅಕಿಗಿ ಕೊಟ್ಟ ಬಾ. ಕೆಲಸದ ಮ್ಯಾಲ ಹೊಂಟಾಕಿಗಿ ಯಾರೇನ ಅಂತಾರ?"

ಅಂದಿನಿಂದ ನನಗೆ ದಿನವೂ ಕೆಲಸ. ಬಾವಿಕಟ್ಟೆಯ ಹೆಂಗಸೂ ಕಾಕೂನ ಮಗಳಿಗೆ ಒಯ್ಯಲು ನುಗ್ಗೆಸೊಪ್ಪು ಕೊಟ್ಟಳು, ಅವರೆಕಾಯಿ ಕೊಟ್ಟಳು. ಹೊಳೆಯ ತನಕ ಎಲ್ಲೂ ಕೂರದೆ ನಡೆಯುವಷ್ಟಾದೆ. ಕಾಕೂ ತಮ್ಮ ತವರೂರು ಹಲಸಿಯಿಂದ ಬಂದ ಬೆಲ್ಲವೆಂದು ನೀಲಿ ಅಂಚಿನ ಬಟ್ಟೆಯ ಗಂಟೊಂದನ್ನು ಮಗಳಿಗೆ ಕಳಿಸಿದರು. ಮರುದಿನ ಮಗಳು ಅದನ್ನೇ ಬಾವಿಕಟ್ಟೆಯವಳಿಗೆ ಕಳಿಸಿದಳು. ಮೂರನೆಯ ದಿನ ಅವಳು ಅದನ್ನೇ ಮಗಳಿಗೆ ಕಳಿಸಿದಳು. ಗಂಟು ಬಿಚ್ಚಿರಲೇ ಇಲ್ಲ.

ಕಾಕೂನ ಮಗಳನ್ನು ಕೇಳಿದೆ. ನನ್ನನ್ನು ಅತ್ತಿಗೆಯೆಂದೇ ಕರೆಯುವ ಅವಳಿಗೆ ನಗು ತಡೆಯದಾಯಿತು. "ವೈನೀ, ಆ ಬೆಲ್ಲ ನಮ್ಮೂರ ಸುತ್ತಿ ಸುತ್ತಿ ದಣದೇತಿ. ನೀವ ನಡೀಬೇಕಂತ ಅವ್ವ ಹಿಂಗ ಹಚ್ಯಾಳ."

"ಕಾಮಾಲಿ ಆದಾಕಿ ಇಷ್ಟ ಯಾಕ ನಡೀಬೇಕು?"

ಅವಳು ಕಣ್ಣು ತಗ್ಗಿಸಿದಳು. "ಕಾಮಾಲಿ ಅಲ್ಲಂತ ಎಲ್ಲಾರಿಗೂ ಗೊತ್ತೈತ್ರಿ, ನೀವ ದವಾಖಾನಿಯಿಂದ ಬಂದಾಗಿಂದ. ನಿಮಗ ಹೇಳಾಕ ಮನಸಿಲ್ಲಂದ ಮ್ಯಾಲ ನಾವ್ಯಾಕ ಕೇಳೂಣು?"

ಖಾಲಿ ಕಿಟ್ಲಿಯ ನಾಚಿಕೆ ಇದರ ಮುಂದೆ ಏನೂ ಅಲ್ಲ. ನಮ್ಮ ನೀರು ಮುಟ್ಟಲಾರರೆಂದು ನಾವು ಯಾರಿಗೆ ಅಂಜಿದ್ದೆವೋ, ಅವರು ಎಲ್ಲ ತಿಳಿದೇ ನಮ್ಮ ಕಟ್ಟೆಗೆ ಬಂದು ನೀರು ಕುಡಿದು ಹೋಗುತ್ತಿದ್ದರು. ಕಾಕೂ ಕುಡಿದ ಆ ಗುಟುಕು ನೆನಪಾಗಿ ಮನೆಯ ತನಕ ತಲೆಯೆತ್ತಲಿಲ್ಲ. ಅತ್ತೆಗೆ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಎದ್ದು ಕಟ್ಟೆಯ ಮೇಲಿನ ಬಿಂದಿಗೆಗೆ ಕುಡಿಯುವ ನೀರು ತುಂಬಿಟ್ಟರು.

ಶ್ರಾವಣ ಬಂತು. ಪೀಠಕ್ಕೆ ನಮಸ್ಕರಿಸಿ ಕುಳಿತೆ. ಮೊದಲ ಪದ್ಯಗಳು ಧಾರಾಳವಾಗಿ ಹರಿದವು. ಅಧ್ಯಾಯದ ನಡುವೆ ಉಸಿರು ಕಟ್ಟಿತು.

"ಅವಸರ ಏನೈತವಾ?" ಬಾವಿಕಟ್ಟೆಯವಳ ದನಿ. "ಮನ್ಯಾಗರ ಏನೈತಿ, ಅತ್ತಿ ಬೈಗುಳ. ಸಾವಕಾಶ ಓದ, ನಾವ ಕುಂತೇವಿ."

ಎಲ್ಲರೂ ನಕ್ಕರು. ಜಾರಿದ ಸೆರಗಿನತ್ತ ನನ್ನ ಕೈ ತಾನಾಗಿ ಹೋಯಿತು; ನಾಚಿಕೆ ಇನ್ನೂ ಇತ್ತು. ಉಸಿರು ತಿರುಗಿ ಬರುವ ತನಕ ಕಾದೆ. ಅಧ್ಯಾಯ ಮುಗಿಸಿದೆ.

ನನ್ನ ದಾರಿಗೆ ಕೆಲಸ ಹುಡುಕಿಕೊಟ್ಟ ಕೈಗಳು ಎಂದೂ ಬರಿದಾಗದಿರಲಿ. ಕುಂದಾ ತಂದವರಿಗೂ ಹೆಸರುಕಾಳು ತಂದವರಿಗೂ ಶಿವನು ಸಮನಾಗಿ ಒಲಿಯಲಿ. ನಕ್ಕವಳ ಮನೆಯಲ್ಲಿ ನಗು ತುಂಬಿರಲಿ, ಕೇಳದೆ ಉಳಿದವರ ಮಕ್ಕಳು ಮೊಮ್ಮಕ್ಕಳು ನೂರ್ಕಾಲ ನಡೆದಾಡಲಿ.