ಸ್ತುದೆನಿಕದ ನೂರನೆಯವಳು

ಬಲ್ಗೇರಿಯದ ಬೆಟ್ಟದೂರು ಸ್ತುದೆನಿಕದಲ್ಲಿ ರಾಯ್ನಾ ನಿವೃತ್ತಳಾಗುವವರೆಗೂ ಅಂಚೆ ಹಂಚಿದಳು, ಜೊತೆಗೆ ಊರಿನ ಅಧ್ಯಕ್ಷ ದೋಬ್ರಿಯೊಡನೆ ನಲ್ಲಿ ನೀರಿಗಾಗಿ ಜಗಳವಾಡಿದಳು. ಆಕೆಯಿದ್ದ ಮೇಲುಕೇರಿಗೆ ನೀರು ಹತ್ತುತ್ತಿರಲಿಲ್ಲ. ಊರು ಪಟ್ಟಣದ ಪುರಸಭೆಯ ಕೈಕೆಳಗಿತ್ತು. ಕೇಳಿದಾಗಲೆಲ್ಲ ದೋಬ್ರಿ, "ಪೈಪು ಪುರಸಭೇದು, ನಂದಲ್ಲ" ಅನ್ನುತ್ತಿದ್ದ.

"ಹಾಗಾದ್ರೆ ನಿಂದು ಅಂತ ಇರೋದೇನಪ್ಪ, ಆ ರಬ್ಬರ್ ಸೀಲಾ?"

ಕೊನೆಗೆ ಆಕೆ ಬೇಸತ್ತು, ವಿಳಾಸ ಬದಲಿಸಿಕೊಂಡು ಪಟ್ಟಣದಲ್ಲಿದ್ದ ತಂಗಿಯ ಮನೆ ಸೇರಿದಳು. ಆ ಸಂಜೆ ದೋಬ್ರಿ ಖುಷಿಗೆ ಊರಿನವರಿಗೆಲ್ಲ ಪ್ಲಮ್ ಸಾರಾಯಿ ಕುಡಿಸಿದನಂತೆ.

ಎರಡು ಚಳಿಗಾಲ ಕಳೆದವು. ಒಂದು ಬೆಳಿಗ್ಗೆ ಅದೇ ದೋಬ್ರಿ ಕುರಿಹಾಲಿನ ಚೀಸಿನ ಡಬ್ಬಿ ಹಿಡಿದು ತಂಗಿಯ ಮನೆ ಬಾಗಿಲಲ್ಲಿ ನಿಂತಿದ್ದ.

"ಯಾರು ಸತ್ರು?" ಎಂದಳು ರಾಯ್ನಾ.

"ಗಾನ್ಯೊ ತಾತ. ತಾಪತ್ರಯ ಅದೇ. ಊರಲ್ಲೀಗ ತೊಂಬತ್ತೊಂಬತ್ತೇ ಜನ. ನೂರಿಲ್ದೆ ಹೋದ್ರೆ ನಮಗೆ ಚುನಾವಣೇನೇ ಇಲ್ವಂತೆ. ಪುರಸಭೆಯೋರೇ ಯಾರನ್ನೋ ತಂದು ಕೂರಿಸ್ತಾರೆ."

"ಕೂರಿಸ್ಲಿ ಬಿಡು. ನಿನಗಿಂತ ಕೆಟ್ಟೋನು ಅವರಿಗೆಲ್ಲಿ ಸಿಗ್ತಾನೆ?"

"ಬಯ್ಯಿ ತಾಯಿ, ಬಯ್ಯಿ. ಆದ್ರೆ ಬಯ್ಯೋಕಾದ್ರೂ ನಾವೇ ಆರಿಸಿದೋನು ಬೇಡ್ವಾ? ನಿನ್ ವಿಳಾಸ ವಾಪಸ್ ಊರಿಗೆ ಮಾಡ್ಸು."

ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಬಂದ ಮೊದಲ ಬುದ್ಧಿಯ ಮಾತು ಅದು ಅನ್ನಿಸಿತು ಆಕೆಗೆ. ಮಂಜು ಕರಗುವ ಹೊತ್ತಿಗೆ ಊರಿಗೆ ಮರಳಿ ಮನೆಯ ಬೀಗ ತೆಗೆದಳು. ಬೇಸಿಗೆಯಿಡೀ ಕೆಳಕೇರಿಯಿಂದ ದಿಬ್ಬ ಹತ್ತಿ ನೀರು ಹೊತ್ತಳು. ಹೊರುತ್ತ ಹೊರುತ್ತ ಯೋಚಿಸಿದಳು. ಚುನಾವಣೆ ಬಂದಾಗ ತಾನೇ ದೋಬ್ರಿಯೆದುರು ನಿಂತಳು.

"ನಾನೇ ಕೈಯಾರೆ ಕರ್ಕೊಂಬಂದೆನಲ್ಲಪ್ಪ!" ಎಂದು ದೋಬ್ರಿ ಹಣೆ ಚಚ್ಚಿಕೊಂಡ. ರಾಯ್ನಾ ಕೂದಲೆಳೆಯಲ್ಲಿ ಗೆದ್ದಳು. ದೋಬ್ರಿಯ ಹೆಂಡತಿಯ ಮತವೂ ಆಕೆಗೇ ಬಿತ್ತೆಂದು ಹೇಳುವವರಿದ್ದಾರೆ.

ಅಧ್ಯಕ್ಷರ ಕೋಣೆಯಲ್ಲಿ ಒಂದು ಬಾವುಟ, ಒಂದು ಕಟ್ಟಿಗೆ ಒಲೆ, ಒಂದು ಸೀಲು ಇದ್ದವು. ದುಡ್ಡು, ಪೈಪು, ಎಂಜಿನಿಯರು ಎಲ್ಲ ಪುರಸಭೆಯಲ್ಲಿ. ರಾಯ್ನಾ ಅರ್ಜಿ ಬರೆದಳು, ಪುರಸಭೆಯ ಮೊಗಸಾಲೆಯಲ್ಲಿ ಕಾದಳು, "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಹೊತ್ತು ಬಂದಳು. ಒಂದು ದಿನ ಪಕ್ಕದ ಮನೆಯವಳಿಗೆ "ಪೈಪು ಪುರಸಭೇದು ಕಣೇ" ಎಂದುಬಿಟ್ಟಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಇತ್ತ ದೋಬ್ರಿಗೆ ಹೊಸ ಪ್ರಾಯ ಬಂದಿತ್ತು. ದಿನಾ ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಕೂತು, "ಏನು ಅಧ್ಯಕ್ಷರೇ, ಮೇಲುಕೇರಿ ನೀರಿನ ಕಥೆ ಏನಾಯ್ತು?" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

"ಇಲ್ಲಿ ಕೂಗಿ ಏನು ಬಂತು?" ಎಂದಳು ರಾಯ್ನಾ ಒಮ್ಮೆ. "ಪುರಸಭೆ ಮೀಟಿಂಗಲ್ಲಿ ಜನ ಎದ್ದು ಪ್ರಶ್ನೆ ಕೇಳ್ಬೋದು. ನಾನು ಕೇಳಿದ್ರೆ ಅರ್ಜಿ ಕೊಡಿ ಅಂತಾರೆ. ನೀನು ಹೋಗಿ ಕೇಳು."

"ಇಷ್ಟು ವರ್ಷ ಇದು ನನಗ್ಯಾಕೆ ಹೊಳೀಲಿಲ್ಲ?"

"ಇಷ್ಟು ವರ್ಷ ನೀನು ಪ್ರಜೆ ಆಗಿರ್ಲಿಲ್ವಲ್ಲ."

ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು, ಬೇರೆ ಬೇರೆ ಸೀಟಿನಲ್ಲಿ. ಸಭೆಯಲ್ಲಿ ದೋಬ್ರಿ ಎದ್ದು ನಿಂತು, ತಾನು ಅಧ್ಯಕ್ಷನಾಗಿದ್ದಾಗ ನುಂಗಿಕೊಂಡದ್ದನ್ನೆಲ್ಲ ಒಂದೇ ಉಸಿರಿಗೆ ಕಾರಿಕೊಂಡ. ತೂಕಡಿಸುತ್ತಿದ್ದ ಸದಸ್ಯರು ಎಚ್ಚೆತ್ತರು. ಪತ್ರಿಕೆಯವನೊಬ್ಬ ಬರೆದುಕೊಂಡ. ಹಿಮ ಬೀಳುವ ಮೊದಲೇ ಹೊಸ ಪಂಪು ಬಂತು, ಮೇಲುಕೇರಿಯ ನಲ್ಲಿಗಳು ಕೆಮ್ಮಿ ಕೆಮ್ಮಿ ನೀರು ಬಿಟ್ಟವು.

"ನೋಡ್ರಯ್ಯ, ದೋಬ್ರಿ ಒಂದೇ ಸಲಕ್ಕೆ ನೀರು ತಂದ! ಅಧ್ಯಕ್ಷೆ ಏನ್ ಮಾಡ್ತಿದ್ಲು?" ಎಂದರು ಕಾಫಿ ಅಂಗಡಿಯಲ್ಲಿ. ಮಾತು ಕಿವಿಗೆ ಬಿತ್ತು. ರಾಯ್ನಾ ಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರಿಗೆ ಕೈಯೊಡ್ಡಿ ಬಹಳ ಹೊತ್ತು ನಿಂತಳು.

ಮರುದಿನ ಕಚೇರಿಯ ಬಾಗಿಲು ತೆರೆದರೆ ದೋಬ್ರಿ ಖಾಲಿ ಬಕೆಟ್ ಹಿಡಿದು ನಿಂತಿದ್ದ. ನೀರು ಮೇಲಕ್ಕೆ ಹತ್ತಿದ್ದೇ ತಡ, ಕೆಳಕೇರಿಯ ಅವನ ಮನೆಯ ನಲ್ಲಿಯಲ್ಲಿ ಬರೀ ಹನಿ ಹನಿ ತೊಟ್ಟಿಕ್ಕತೊಡಗಿತ್ತು.